ಸೀಮಂತದ ಬಳೆ

ಅಂಗೈಗೆ ಅಂಗೈ ಒತ್ತಿದರೆ ಸಾಕು, ಹಣ ಒತ್ತಿದವರ ಖಾತೆಗೆ ಹೋಗುವ ಕಾಲ. ಕೈಗವಸಿಲ್ಲದೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆದರೆ ಸೀಮಂತದ ಬಳೆಯನ್ನು ಕೈಗವಸಿನ ಮೇಲೆ ತೊಡಿಸುವುದುಂಟೇ? ಚಂದ್ರಕಲಾ ಬಲಗೈಯ ಗವಸು ಬಿಚ್ಚಿ ಅಣ್ಣನ ಹೆಂಡತಿಯ ಮುಂದೆ ಕೈ ಚಾಚಿದಳು.

"ಕೈ ಬಿಗಿ ಮಾಡ್ಬೇಡ ಕಣೇ, ಸಡಿಲ ಬಿಡು," ಎನ್ನುತ್ತ ಅತ್ತಿಗೆ ಬರಿಗೈಯಲ್ಲೇ ಅವಳ ಅಂಗೈಯನ್ನು ಮೆತ್ತಗೆ ಹಿಸುಕಿದಳು. ಬಳೆಗಳೆಲ್ಲ ಏರಿದ ಮೇಲೂ ಬಿಡಲಿಲ್ಲ.

ಮಡಿಲಲ್ಲಿದ್ದ ಫೋನ್ ಮಿನುಗಿತು. ಹೆರಿಗೆಗೆಂದು ಕೂಡಿಟ್ಟದ್ದೆಲ್ಲ ಅತ್ತಿಗೆಯ ಖಾತೆಗೆ ಹೋಗಿತ್ತು.

ಸುತ್ತ ಮುತ್ತೈದೆಯರು ಸೋಬಾನೆ ಹಾಡುತ್ತಿದ್ದರು. ಅತ್ತಿಗೆ ನಗುತ್ತಲೇ, "ಎಲ್ಲಿ, ಆ ಕೈನೂ ಕೊಡು," ಎಂದಳು.

ಚಂದ್ರಕಲಾ ಎಡಗೈಯ ಗವಸನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡಳು.

"ಇದು ಬೋಳಾಗೇ ಇರ್ಲಿ, ಅತ್ತಿಗೆ."

ಹಾಡು ನಿಂತಿತು.