ಗಾಡಿಗೆ ಜ್ವರ

ಚಿಂಚೋಳಿ ದಾಟಿ ಏರನ್ನು ಅರ್ಧ ಹತ್ತುವಷ್ಟರಲ್ಲಿ ಸುರೇಶಕುಮಾರನಿಗೆ ಭಯ ಹಿಡಿಯಿತು. ಗೇರಿನ ಕೋಲಿನಿಂದ ಅಂಗೈಗೆ ಬಿಸಿ ತಾಗುತ್ತಿತ್ತು. ಪಿಕಪ್ಪನ್ನು ರಸ್ತೆಯ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಿಸೆಯಿಂದ ಜ್ವರ ನೋಡುವ ಯಂತ್ರ ತೆಗೆದ. ಹಣೆಯ ಮುಂದೆ ಹಿಡಿದು ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ; ನರ್ಸಾಗಿರುವ ಹೆಂಡತಿ ಪೂನಮ್ ಮನೆಯಲ್ಲಿ ಮಕ್ಕಳಿಗೆಂದು ಇಟ್ಟಿದ್ದು. ಬಿಳಿ ಅಂಗಿಯ ಪರಿವೆಯೂ ಇಲ್ಲದೆ ಗಾಡಿಯ ಕೆಳಗೆ ತೂರಿ, ಅದನ್ನು ಗೇರ್‌ಬಾಕ್ಸಿಗೆ ಹಿಡಿದು ಒತ್ತಿದ. ಅಂಕಿ ಬರಲಿಲ್ಲ. ‘ಹೈ’ ಎಂದು ಬಂತು. ಯಂತ್ರ ಕೆಂಪಗಾಗಿ ಕುಂಯ್‌ಕುಂಯ್ ಎಂದು ಅರಚಿತು.

ಹೊರಗೆ ಬಂದವನ ಮುಖ ಬಿಳಿಚಿಕೊಂಡಿತ್ತು. “ದಸ್ತಗೀರ ಚಾಚಾ, ತಪ್ಪ ತಿಳ್ಕೋಬ್ಯಾಡ್ರಿ. ಈ ಗಾಡಿ ನನಗ ಬ್ಯಾಡ. ಇದರ ಗೇರ್‌ಬಾಕ್ಸ್ ಖಲಾಸ್ ಆಗ್ಯಾದ.”

ಗುಲಾಮ ದಸ್ತಗೀರ ಗಾಡಿಯ ಮಾಲೀಕ. ದೊಡ್ಡ ಲಾರಿ ತೆಗೆದುಕೊಂಡಿದ್ದರಿಂದ ಇದನ್ನು ಮಾರಲು ನಿಂತಿದ್ದ. ವಾಡಿ ಸ್ಟೇಷನ್ನಿನ ಮುಂದೆ ಆಟೋ ಓಡಿಸುತ್ತಿದ್ದ ಸುರೇಶಕುಮಾರ ಆಟೋ ಮಾರಿ ಇದನ್ನು ಕೊಳ್ಳಲು ಬಂದಿದ್ದ. “ಖಾಲಿ ಓಡ್ಸಿದ್ರ ಎಲ್ಲಾ ಗಾಡಿನೂ ಚಲೋನೇ. ಲೋಡ್ ಹಾಕಿ ಏರು ಹತ್ತಿಸಿ ನೋಡ್ರಿ” ಎಂದು ಬೆಳಿಗ್ಗೆ ಶಹಾಬಾದಿನಲ್ಲಿ ಪರ್ಸಿ ಕಲ್ಲು ತುಂಬಿಸಿದವನು ದಸ್ತಗೀರನೇ. ಏರಿನ ಮೇಲಿನ ಹಳ್ಳಿಯಲ್ಲಿ ಯಾರದೋ ಅಂಗಳಕ್ಕೆ ಹಾಸುವ ಕಲ್ಲು. ಸುರೇಶಕುಮಾರನಿಗೆ ಲೈಸೆನ್ಸ್ ಇತ್ತು, ಭಾರ ಹೊತ್ತ ಗಾಡಿಯ ಸ್ವಭಾವ ಗೊತ್ತಿರಲಿಲ್ಲ. ಗೇರ್‌ಬಾಕ್ಸ್ ಬಿಸಿಯಾಗುವ ಗಾಡಿ ಕೊಂಡರೆ ಕೆಟ್ಟೆ ಎಂದು ಆಟೋ ಸ್ಟ್ಯಾಂಡಿನ ಗೆಳೆಯರು ಹೆದರಿಸಿ ಕಳಿಸಿದ್ದರು; ಅದಕ್ಕೇ ಆ ಯಂತ್ರವನ್ನು ಕಿಸೆಗೆ ಹಾಕಿಕೊಂಡು ಬಂದಿದ್ದ.

ದಸ್ತಗೀರ ಸಿಟ್ಟಾಗಲಿಲ್ಲ. ಯಂತ್ರವನ್ನು ಕೈಗೆ ತೆಗೆದುಕೊಂಡು, ಹಿಂದೆ ಬಿಸಿಲಿಗೆ ಕಾಯುತ್ತಿದ್ದ ಪರ್ಸಿ ಕಲ್ಲಿಗೆ ಹಿಡಿದ. ‘ಹೈ’. ಡಾಂಬರು ರಸ್ತೆಗೆ ಹಿಡಿದ. ಮತ್ತೆ ‘ಹೈ’. ಕೊನೆಗೆ ಸುರೇಶಕುಮಾರನ ಹಣೆಗೆ ಹಿಡಿದ. ಹಸಿರು ದೀಪದಲ್ಲಿ ಅಂಕಿ ಮೂಡಿತು.

“ನೋಡ್ರಿ, ಇಲ್ಲಿ ನೀವೊಬ್ರೇ ಆರಾಮ ಇದ್ದೀರಿ” ಎಂದು ನಕ್ಕ. “ಇದು ಮನಷ್ಯಾರ ಮಷೀನು. ನಲವತ್ತು ದಾಟಿದ್ರ ಗಾಬರಿ ಆಗ್ತದ. ಲೋಡ್ ಹೊತ್ತು ಏರು ಹತ್ತೋ ಗಾಡಿಗಿ ಎಂಬತ್ತು ತೊಂಬತ್ತು ಡಿಗ್ರಿ ಅಂದ್ರ ನಾರ್ಮಲ್. ಆಯಿಲ್ ಸುಟ್ಟ ವಾಸನಿ ಬಂತೇನು? ಗೇರ್ ಬೀಳ್ಲಿಕ್ಕ ಹಟ ಮಾಡ್ತೇನು?”

“ಇಲ್ಲ.”

“ಮತ್ತ? ಅವು ಎರಡೂ ಬಂದ್ರ ನಾನೇ ನಿಲ್ಲಿಸ್ತಿದ್ದೆ. ಮುಖ ತೊಳ್ಕೋರಿ, ಹೋಗಮು.”

ಸುರೇಶಕುಮಾರನಿಗೆ ಇನ್ನೂ ನಂಬಿಕೆ ಬರಲಿಲ್ಲ. ಮಾರುವವನು ಮತ್ತೇನು ಹೇಳಿಯಾನು? ಅಷ್ಟರಲ್ಲಿ ಗಾಡಿಯ ಒಳಗಿಂದ ಅವನ ತಾಯಿ ಲಾಲಮ್ಮನ ಕೂಗು ಬಂತು. ಕಲ್ಲು ಇಳಿಸಬೇಕಾದ ಹಳ್ಳಿಯಲ್ಲೇ ಇರುವ ತನ್ನ ಅಕ್ಕನನ್ನು ನೋಡಿ ಬರುತ್ತೇನೆಂದು ಹೊರಟವಳು, ಇಬ್ಬರ ನಡುವೆ ಗೇರಿನ ಪಕ್ಕದಲ್ಲೇ ಕುಳಿತಿದ್ದಳು.

“ಸುರೇಶ್ಯಾ, ಲಗೂನ ಬಾ! ಗಾಡಿ ಆರ್ಲಿಕತ್ತಾದ!”

“ಆರ್ಲಿ ಅಂತೇ ನಿಲ್ಸೀನಿ ಯವ್ವಾ.”

“ಬ್ಯಾಡೋ! ಎರಡ ವರ್ಷದಿಂದ ಉಪ್ಪಿನ ಗಂಟು ಕಾಸಿ ಕಾಸಿ ಇಟ್ರೂ ಬಗ್ಗದ ಮೊಣಕಾಲು ಇವತ್ತ ಹಗರ ಆಗ್ಯಾದ. ಏನ್ ಚಂದ ಕಾವು ಬರ್ತದ ಈ ಕಾಲ ಬುಡದ ತಗಡಿನಾಗಿಂದ! ಇಂಥ ಗಾಡಿ ಎಲ್ಲಿ ಸಿಗ್ತಾದ?”

ವ್ಯಾಪಾರ ಮುಗಿಯುವ ಮೊದಲೇ ಮಾರುವವನ ಎದುರಿಗೆ ಗಾಡಿಯನ್ನು ಹೊಗಳುವ ತಾಯಿಯನ್ನು ಏನು ಮಾಡುವುದು? ಸುರೇಶಕುಮಾರ ಹಲ್ಲು ಕಚ್ಚಿ, ಕಣ್ಣಲ್ಲೇ ಸನ್ನೆ ಮಾಡಿದ. ಲಾಲಮ್ಮ, “ಕಣ್ಣಾಗ ಏನರ ಬಿತ್ತೇನೋ?” ಎಂದಳು. ದಸ್ತಗೀರ ಬೇರೆ ಕಡೆ ಮುಖ ತಿರುಗಿಸಿ, ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡ.

ಗಾಡಿ ಏರು ಹತ್ತಿತು. ಗೇರು ಬೆಣ್ಣೆಯಂತೆ ಬಿತ್ತು. ಹಳ್ಳಿಯಲ್ಲಿ ಕಲ್ಲು ಇಳಿಸುತ್ತಿರುವಾಗ ಲಾಲಮ್ಮ ಯಾರ ಕೈಯನ್ನೂ ಹಿಡಿಯದೆ ಇಳಿದು ಅಕ್ಕನ ಮನೆಗೆ ಹೋದಳು. ಉಂಡು, ಅತ್ತು, ನಕ್ಕು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾದ ಹಿಂಡಿ ಕಟ್ಟಿಸಿಕೊಂಡು ಬಂದಳು. ಅವಳ ನಡಿಗೆಯನ್ನೇ ನೋಡುತ್ತಾ ನಿಂತ ಸುರೇಶಕುಮಾರ, ಗಾಡಿಯ ಬಗ್ಗೆ ಮಾತ್ರ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಬರುವಾಗ ಗಾಡಿ ಖಾಲಿ, ದಾರಿ ಇಳಿಜಾರು. ಸೇಡಂ ಹತ್ತಿರ ಬರುತ್ತಿದ್ದಂತೆ ಲಾಲಮ್ಮ ಕಾಲನ್ನು ಆ ಕಡೆ ಈ ಕಡೆ ಸರಿಸಿದಳು, ಬಗ್ಗಿ ಅಂಗೈಯಿಂದ ಗೇರಿನ ಬುಡದ ತಗಡು ಮುಟ್ಟಿ ನೋಡಿದಳು. ಹುಬ್ಬು ಗಂಟಿಕ್ಕಿತು.

“ದಸ್ತಗೀರ ತಮ್ಮಾ, ಖರೇ ಹೇಳು. ಹೋಗಾಗ ಇದ್ದ ಕಾವು ಈಗ ಇಲ್ಲ. ನಾ ಅಕ್ಕನ ಮನಿಗಿ ಹೋದಾಗ ಏನ್ ಬಿಚ್ಚಿ ಇಟಗೊಂಡಿ?”

ದಸ್ತಗೀರನಿಗೆ ನಗು ತಡೆಯಲಾಗಲಿಲ್ಲ. “ಯವ್ವಾ, ನಿಮ್ಮಾಣಿ ಏನೂ ಬಿಚ್ಚಿಲ್ಲ! ಭಾರ ಇದ್ರ ಬಿಸಿ, ಇಲ್ದಿದ್ರ ತಣ್ಣಗ. ಚಲೋ ಗಾಡಿ ಲಕ್ಷಣಾನೇ ಅದು.”

ಸುರೇಶಕುಮಾರನೂ ಗೇರಿನ ಮೇಲೆ ಕೈ ಇಟ್ಟು ನೋಡಿದ. ಹೌದು, ತಣ್ಣಗಿತ್ತು. ಇಡೀ ದಿನ ಎದೆಯ ಮೇಲೆ ಕುಳಿತಿದ್ದ ಭಯವೂ ಹಗುರವಾಗಿ ಇಳಿದುಹೋಯಿತು. ಆದರೂ ಬಾಯಿಬಿಟ್ಟು ಹೇಳಲು ಏನೋ ಸಂಕೋಚ.

ಸೇಡಂನಲ್ಲಿ ತೊಗರಿ ಚೀಲಗಳ ರಾಶಿಯ ಮುಂದೆ ನಿಂತಿದ್ದ ಅಡತಿ ಅಂಗಡಿಯ ವ್ಯಾಪಾರಿಯೊಬ್ಬ ಕೈ ಅಡ್ಡ ಮಾಡಿದ. “ವಾಡಿ ಕಡಿ ಹೊಂಟೀರೇನ್ರಿ? ಖಾಲಿ ಅದಲ್ಲ, ಚೀಲ ಹಾಕೊಂಡು ಹೋಗ್ರಿ. ಗಾಡಿ ಯಾರದು?”

ದಸ್ತಗೀರ ಸುರೇಶಕುಮಾರನ ಮುಖ ನೋಡಿದ. ಸುರೇಶಕುಮಾರ ದಸ್ತಗೀರನ ಮುಖ ನೋಡಿದ. ಇಬ್ಬರ ನಡುವಿನಿಂದ ಲಾಲಮ್ಮ ಮುಂದಕ್ಕೆ ಬಗ್ಗಿ ದನಿ ಎತ್ತರಿಸಿದಳು:

“ಗಾಡಿ ನಮ್ದದ! ಚೀಲ ಜರಾ ಜಾಸ್ತಿನೇ ಹಾಕ್ರಿ!”