ಉಳಿಸು ಪಕ್ಕ ಅಳಿಸು

‘ಉಳಿಸು’ ಒತ್ತಬೇಕಾದ ಕಡೆ ಚಿಕ್ಕಮ್ಮ ‘ಅಳಿಸು’ ಒತ್ತಿಬಿಟ್ಟಿದ್ದಳು. ಬೆಳಗಿನಿಂದ ಮನೆ ಮನೆ ಸುತ್ತಿ, ಆರು ಜನ ಬಸುರಿಯರನ್ನು ನೋಡಿ, ಅವರ ತೂಕ, ರಕ್ತದೊತ್ತಡ, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಎಲ್ಲವನ್ನೂ ಫೋನಿನಲ್ಲಿ ತುಂಬಿದ್ದಳು. ಕೊನೆಯಲ್ಲಿ ಒಂದೇ ಒಂದು ಸಲ ಬೆರಳು ತಪ್ಪಿ ಇಡೀ ದಿನದ ಪಟ್ಟಿ ಮಂಗಮಾಯ. ಆ್ಯಪ್ ಮಾಡಿದವನು ಬೇರೆ ಯಾರಾದರೂ ಆಗಿದ್ದರೆ ಚೆನ್ನಾಗಿ ನಾಲ್ಕು ಬೈದು ಸುಮ್ಮನಾಗುತ್ತಿದ್ದಳೇನೋ. ಮಾಡಿದವನು ಅಕ್ಕನ ಮಗ, ತಾನೇ ಎತ್ತಿ ಆಡಿಸಿದ ಕೂಸು. ಹಾಗಾಗಿ ಬೈಗುಳವನ್ನೆಲ್ಲ ತನಗೇ ಬೈದುಕೊಂಡು, ಅವನ ಆಫೀಸಿನಲ್ಲಿ ನರ್ಸ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನನ್ನ ಕಣ್ಣು ಹೋಯ್ತು ಕಣೋ. ಮೂವತ್ತು ವರ್ಷದಲ್ಲಿ ಒಂದಂಕಿ ತಪ್ಪಿದವಳಲ್ಲ. ಇನ್ನು ಮನೆ ಸುತ್ತೋ ಕೆಲಸ ನನ್ನ ಕೈಲಾಗಲ್ಲ, ಎಲ್ಲಾದ್ರೂ ಒಂದು ಮೇಜು ಕೊಡಿ ಅಂತ ನಾಳೆ ಆಸ್ಪತ್ರೇಲಿ ಹೇಳಿಬಿಡ್ತೀನಿ.”

ಮೇಜಿನ ಹಿಂದೆ ಕೂತ ಚಿಕ್ಕಮ್ಮನನ್ನು ನೆನೆಸಿಕೊಳ್ಳಲೂ ಅವನಿಂದಾಗಲಿಲ್ಲ. ಬೀದಿಯ ತುದಿಯಲ್ಲಿ ಅವಳ ದನಿ ಕೇಳಿದರೆ ಸಾಕು, ಬಸುರಿಯರು ಮಲಗಿದ್ದಲ್ಲಿಂದ ಎದ್ದು ತಲೆ ಬಾಚಿಕೊಳ್ಳುತ್ತಿದ್ದರು. ಆದರೆ ಹಾಳು ಬಾಯಿ, ಅಂದದ್ದೇ ಬೇರೆ.

“ಎರಡು ಗುಂಡಿ ನಡುವೆ ಗೇಣುದ್ದ ಜಾಗ ಇದೆಯಲ್ಲ ಚಿಕ್ಕಮ್ಮ. ಸಾಲದ್ದಕ್ಕೆ ‘ಅಳಿಸು’ ಹತ್ತಿರ ಹೋದ್ರೇನೇ ಅದು ಕೆಂಪಗಾಗಿ ‘ಹುಷಾರು’ ಅನ್ನುತ್ತೆ. ಬೇಕಾದ್ರೆ ನೋಡು.”

ತೋರಿಸಿದ್ದು ತನ್ನ ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ. ಅಲ್ಲಿ ಅವನು ಹೇಳಿದ್ದೆಲ್ಲ ನಿಜವೇ. ಮೌಸಿನ ಬಾಣ ಮೇಲೆ ಸುಳಿದರೆ ಸಾಕು, ಗುಂಡಿ ಕೆಂಪಗಾಗುತ್ತಿತ್ತು. ಎದುರು ಮೇಜಿನಿಂದ ಹೆಂಡತಿ ತಲೆ ಎತ್ತಿದಳು. ಗಂಡಹೆಂಡಿರಿಬ್ಬರೇ ಇರುವ ಆ ಕಂಪನಿಯಲ್ಲಿ ಪರದೆಯ ಅಂದಚಂದ ಅವಳ ಪಾಲಿನದು. ಕಂಪ್ಯೂಟರಿಗೆ ಬೇರೆ, ಫೋನಿಗೆ ಬೇರೆ ಗುಂಡಿಗಳನ್ನು ಮಾಡೋಣ ಎಂದು ಅವಳು ತಿಂಗಳಿಡೀ ಬಡಿದುಕೊಂಡಿದ್ದಳು. ಎರಡಕ್ಕೂ ಒಂದೇ ಸೆಟ್ ಸಾಕು, ಕೆಲಸ ಅರ್ಧಕ್ಕರ್ಧ ಇಳಿಯುತ್ತೆ ಎಂದು ವಾದ ಮಾಡಿ ಗೆದ್ದವನು ಈ ಮಹಾಶಯ.

“ಯಜಮಾನ್ರೇ, ಡಾಕ್ಟರು ಕೂತು ನೋಡೋದು ಅದು. ಚಿಕ್ಕಮ್ಮ ನಿಂತು ನೋಡೋದು ಇದು,” ಎಂದು ಅವಳು ಫೋನನ್ನು ತಂದು ಅವನ ಕೈಗಿಟ್ಟಳು. “ಚಿಕ್ಕಮ್ಮ, ಆ ಬ್ಯಾಗು ಇವರ ಹೆಗಲಿಗೆ ಹಾಕಿ. ನೀವು ಹೇಗೆ ಮಾಡ್ತೀರೋ ಹಾಗೇ ಮಾಡಿಸಿ.”

ಚಿಕ್ಕಮ್ಮ ಒಲ್ಲದ ಮನಸ್ಸಿನಿಂದ ಎದ್ದಳು. ಆದರೆ ಕೆಲಸ ಕಲಿಸುವುದೆಂದರೆ ಅವಳಿಗೆ ತಾನಾಗಿ ಹುರುಪು ಬರುತ್ತದೆ. “ನೆಟ್ಟಗೆ ನಿಲ್ಲು. ಕಂಕುಳಲ್ಲಿ ಛತ್ರಿ. ಎಡಗೈಯಲ್ಲಿ ಆ ಮನೆಯ ದೊಡ್ಡ ಮಗು ಇರುತ್ತೆ, ಅವರಮ್ಮನ್ನ ಮಲಗಿಸಿ ನೋಡಿರ್ತೀನಲ್ಲ. ಅದು ಸುಮ್ನೆ ಇರಲ್ಲ, ನನ್ನ ಕನ್ನಡಕ ಎಳೀತಾನೇ ಇರುತ್ತೆ.”

ಮಗುವಿನ ಬದಲಿಗೆ ಪ್ರಿಂಟರ್ ಕಾಗದದ ಕಟ್ಟು ಸಿಕ್ಕಿತು. ಅವನ ಕನ್ನಡಕ ಎಳೆಯುವ ಕೆಲಸವನ್ನು ಹೆಂಡತಿ ಬಲು ಸಂತೋಷದಿಂದ ವಹಿಸಿಕೊಂಡಳು.

“ಹೂಂ, ಈಗ ಉಳಿಸು,” ಅಂದಳು ಚಿಕ್ಕಮ್ಮ.

ಅವನು ಏನೇನೋ ಅಂಕಿ ತುಂಬಿ ಹೆಬ್ಬೆರಳಿನಿಂದ ಒತ್ತಿದ. ಪಟ್ಟಿ ಬರಿದಾಯಿತು. ಇನ್ನೊಮ್ಮೆ ತುಂಬಿ ಮತ್ತೆ ಒತ್ತಿದ, ಮತ್ತೆ ಬರಿದು. ಆ ಪುಟ್ಟ ಪರದೆಯಲ್ಲಿ ಗೇಣುದ್ದದ ಜಾಗ ಉಗುರಂಚಿನಷ್ಟಾಗಿತ್ತು. ಒಂದೇ ನೀಲಿಯ ಎರಡು ಗುಂಡಿಗಳು ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು, ಮೊದಲಕ್ಷರ ಒಂದು ಬಿಟ್ಟರೆ ಥೇಟ್ ಅವಳಿಜವಳಿ. ಕೆಂಪಾಗಲೂ ಇಲ್ಲ, ‘ಹುಷಾರು’ ಅನ್ನಲೂ ಇಲ್ಲ. ಬೆರಳು ಬಾಣದ ಹಾಗೆ ಮೇಲೆ ಸುಳಿದಾಡುವುದಿಲ್ಲವಲ್ಲ, ಬಂದರೆ ನೇರ ಬಂದು ಬೀಳುವುದೇ. ಇದು ಗೊತ್ತಿಲ್ಲದವನೇನಲ್ಲ ಅವನು. ಸೋಮಾರಿತನ, ಮತ್ತೇನಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನಿನ್ನ ಕಣ್ಣಿಗೇನೂ ಆಗಿಲ್ಲ ಚಿಕ್ಕಮ್ಮ. ತಪ್ಪು ನಂದು. ಪೂರ್ತಿ ನಂದೇ.”

“ನನ್ನ ಸಮಾಧಾನಕ್ಕೆ ಹೇಳ್ಬೇಡ್ವೋ. ವಯಸ್ಸಾಯ್ತು ಅಂತ ಒಪ್ಕೊಳ್ಳೋಕೆ ನಂಗೇನೂ ಬೇಜಾರಿಲ್ಲ,” ಎಂದಳು. ಬೇಜಾರು ಮುಖದ ತುಂಬ ಇತ್ತು.

ಹೆಂಡತಿ ಆಗಲೇ ಕಾಗದದ ಮೇಲೆ ಹೊಸ ಪರದೆ ಗೀಚುತ್ತಿದ್ದಳು. ಫೋನಿನಲ್ಲಿ ‘ಉಳಿಸು’ ಮಾತ್ರ ಕೆಳಗಡೆ, ಅಡ್ಡಡ್ಡಲಾಗಿ ಪೂರ್ತಿ ಅಗಲಕ್ಕೆ. ಇನ್ನೊಂದು ಮೇಲಿನ ಮೂಲೆಗೆ, ಹೆಸರೂ ‘ತೆಗೆದುಹಾಕು’ ಎಂದು ಬದಲು, ಒತ್ತಿದರೂ ಒಮ್ಮೆ ಕೇಳಿಯೇ ಮುಂದಿನ ಮಾತು. ಅವನು ಎಲ್ಲದಕ್ಕೂ ಕೋಲೆಬಸವನ ಹಾಗೆ ತಲೆಯಾಡಿಸಿದ.

“ನಾಳೆ ನಾನೂ ಜೊತೆಗೆ ಬರ್ತೀನಿ ಚಿಕ್ಕಮ್ಮ. ಆರೂ ಮನೆಗೆ ಹೋಗಿ ಇನ್ನೊಂದ್ಸಲ ನೋಡಿ ಬರ್ಕೊಳ್ಳೋಣ.”

“ಇನ್ನೊಂದ್ಸಲ ಯಾಕೆ?” ಚಿಕ್ಕಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಈಗ್ಲೇ ಬರ್ಕೋ. ನೀಲಿ ಗೇಟಿನವಳು, ಐವತ್ತೆಂಟು ಕೆಜಿ, ನೂರ ಹತ್ತು ಎಪ್ಪತ್ತು, ಮಗು ನೂರ ನಲವತ್ತೆರಡು. ದರ್ಜಿ ಸೊಸೆ, ಅರವತ್ತೊಂದೂವರೆ, ನೂರ ಇಪ್ಪತ್ತು ಎಂಬತ್ತು, ಮಗು ನೂರ ಮೂವತ್ತಾರು...”

ಅವನು ಟೈಪ್ ಮಾಡುತ್ತ ಅವಳ ಹಿಂದೆ ಓಡಿದ. ಚಿಕ್ಕಮ್ಮ ಎಲ್ಲೂ ತಡವರಿಸಲಿಲ್ಲ.

“ಕೊನೆಯವಳು ಮೂರನೇ ಮಹಡಿಯವಳು. ನೂರ ಐವತ್ತು ತೊಂಬತ್ತಾರು. ಅವಳನ್ನ ಆಗ್ಲೇ ಆಸ್ಪತ್ರೆಗೆ ಸೇರಿಸಿ, ಡಾಕ್ಟರು ಬಂದು ನೋಡಿದ ಮೇಲೇನೇ ಇಲ್ಲಿಗೆ ಬಂದಿದ್ದು.”

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅವನು ಎದ್ದುಬಂದು ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡ.

“ಯಾವ ಬಾಯಲ್ಲಿ ಮೇಜು ಕೇಳ್ತೀಯ ನೀನು?”

“ಹಾಗಾದ್ರೆ ಕೇಳೋದು ಬೇಡ ಅಂತೀಯಾ?”

“ಕೇಳಿ ನೋಡು, ಆಮೇಲಿದೆ ನಿಂಗೆ.”

ಚಿಕ್ಕಮ್ಮನ ಮುಖ ಅರಳಿತು. ಬ್ಯಾಗನ್ನು ಅವನ ಹೆಗಲಿನಿಂದ ಬಿಡಿಸಿ ತನ್ನ ಹೆಗಲಿಗೇರಿಸಿಕೊಂಡಳು. ಬಾಗಿಲ ತನಕ ಹೋದವಳು ನಿಂತು, ಅವನ ಫೋನಿನ ಕಡೆ ಗಲ್ಲ ಎತ್ತಿ ತೋರಿಸಿದಳು.

“ಅದನ್ನ ಮಾತ್ರ ಬೇಗ ಸರಿ ಮಾಡಪ್ಪ. ನಾನು ಮರೆಯೋಕೆ ಶುರು ಮಾಡೋದ್ರೊಳಗೆ.”