ಹಾಡದೆ ಬಿಟ್ಟ ಚರಣ

ನನ್ನ ಹಾಡು ಕೇಳಿ ಒಂದು ಗೂಡ್ಸ್ ರೈಲು ಹಳಿ ಬಿಟ್ಟು ನಮ್ಮ ಮೆರವಣಿಗೆಯ ಹಿಂದೆ ಹೊರಟಿತ್ತು. ಪೂರ್ತಿ ರೈಲಲ್ಲ, ಸುಳ್ಳೇಕೆ ಹೇಳಲಿ, ಹನ್ನೆರಡೇ ಡಬ್ಬಿ. ‘ಎಲ್ಲರೂ ನಮ್ಮವರಾದ ಊರೊಂದಿದೆ, ಅಲ್ಲಿ ನನಗೂ ಒಂದು ಬಾಗಿಲಿದೆ’ ಎಂಬ ಆ ಹಾಡು ಕಾಲೇಜು ಹುಡುಗರಿಗೆಲ್ಲ ಬಾಯಿಪಾಠ. ಒಂಟಿಕಾಲಲ್ಲಿ ನಿಂತು ಒಂದೇ ಉಸಿರಿಗೆ ಬರೆದೆ ಎಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೇನೆ.

ಮೊನ್ನೆ ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ಹತ್ತಿರ ಬಂದಳು.

“ಎರಡ ಚರಣ ಹಾಡಿದ್ರಲ್ಲ, ಸರ. ಮೂರನೇದು?”

“ನಾ ಬರದದ್ದ ಎರಡವ್ವಾ.”

ಆಕೆ ಮೆಲ್ಲಗೆ ಹಾಡಿದಳು: ‘ಆ ಬಾಗಿಲು ತೆರೆದರೆ ಕರೆಯುವೆ ಅವ್ವಾ, ಅಲ್ಲಿಯತನಕ ಹುಡುಕಬೇಡ.’

ನಾನು ಯಾರ ಮುಂದೆಯೂ ಹಾಡದ ಚರಣ ಅದು.

“ನನ್ನ ಮಗಳು ಕಸ್ತೂರಿ ಕಟ್ಟಿದ ಹಾಡ್ರೀ ಇದು. ಮೂರು ವರ್ಷದ ಹಿಂದ ಹಾಡು ಬರ್ಕೊಂಡಿದ್ದ ವಹಿ ತಗೊಂಡು ಮನಿ ಬಿಟ್ಟು ಹೋದ್ಲು,” ಎಂದು ಆಕೆ ನನ್ನ ಕೈ ಹಿಡಿದಳು. ಸಿಟ್ಟಿರಲಿಲ್ಲ, ನಗುತ್ತಿದ್ದಳು. “ನಿಮ್ಮದಂತನ ಹೇಳ್ಕೊಳ್ರೀ, ನಂದೇನ ತಕರಾರಿಲ್ಲ. ಆಕಿನ ನಿಮಗ ಕಲಿಸ್ಯಾಳ, ಹೌದಿಲ್ಲೋ? ಎಲ್ಲಿದಾಳ್ರೀ? ಆ ಊರು ಸಿಕ್ಕೈತಿ ಆಕಿಗೆ?”

ಬಾಯಿಗೆ ಹತ್ತು ಸುಳ್ಳು ಬಂದವು. ಆಕೆಯ ಮುಖ ನೋಡಿ ಒಂದನ್ನೂ ಹೇಳಲಾಗಲಿಲ್ಲ.

“ಆಕಿನ್ನ ನಾ ನೋಡೇ ಇಲ್ಲವ್ವಾ. ವಹಿ ಹೊಳಿ ಸೇತುವಿ ಮ್ಯಾಲೆ ಸಿಕ್ತು. ಗಾಳಿಗೆ ಹಾರಬಾರದಂತ ಅದರ ಮ್ಯಾಲೆ ಒಂದು ಜೋಡಿ ಹೆಣ್ಮಕ್ಕಳ ಚಪ್ಪಲಿ ಇಟ್ಟಿದ್ರು.”